ತಂಪು ಹೊತ್ತಿನ ಬಿಸಿಲು

ಆಗಸ್ಟ್ ತಿಂಗಳ ಬೆಂಗಳೂರಿನಲ್ಲಿ ಬಿಸಿಲಿಗೆ ಹೆದರುವುದೇಕೆ ಎಂದು ನೀವು ಕೇಳಬಹುದು. ಏಪ್ರಿಲ್ 24ರ ಸುಮಾರಿಗೆ ಅಲ್ಲಿ ನಡುನೆತ್ತಿಗೆ ಬರುವ ಸೂರ್ಯ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಅಲ್ಲಿಗೇ ಬರುತ್ತಾನೆ! ಗಾಳಿ ತಂಪಾಗಿರುತ್ತದೆ, ಅಷ್ಟೆ. ಚರ್ಮವನ್ನು ಕೆಡಿಸುವ ನೇರಳಾತೀತ ಕಿರಣ ಕಣ್ಣಿಗೂ ಕಾಣದು, ಮೈಗೂ ತಿಳಿಯದು. ತೆಳುಮೋಡವನ್ನು ತೂರಿ ಬರುತ್ತದೆ. ಇದರಲ್ಲಿ ‘ಬಿ’ ಬಗೆಯದು ಚರ್ಮವನ್ನು ಸುಡುತ್ತದೆ. ‘ಎ’ ಬಗೆಯದು ಆಳಕ್ಕಿಳಿದು ಸುಕ್ಕು ತರುತ್ತದೆ. ಬಸ್ಸಿನ ಕಿಟಕಿಗಾಜು ಇದನ್ನು ಪೂರ್ತಿ ತಡೆಯಲಾರದು. ಕಂದು ಚರ್ಮದ ಮೆಲನಿನ್ ಒಂದಿಷ್ಟು ಕಾಯುತ್ತದೆ ನಿಜ, ಆದರೂ ಬಿಸಿಲಿನಿಂದ ಬಂಗು ಹೆಚ್ಚುತ್ತದೆ.

ಆದ್ದರಿಂದ ಬೆಳಿಗ್ಗೆ ಮುಖ ತೊಳೆದ ಮೇಲೆ ಸನ್‌ಸ್ಕ್ರೀನ್ ಹಚ್ಚಿ. ಕತ್ತು, ಕಿವಿಗಳನ್ನು ಮರೆಯಬೇಡಿ. ಎಸ್‌ಪಿಎಫ್ 15 ಇದ್ದರೆ ‘ಬಿ’ ಕಿರಣದ ಶೇಕಡಾ 93ರಷ್ಟು, 30 ಇದ್ದರೆ 97ರಷ್ಟು ತಡೆ. ಈ ಲೆಕ್ಕ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನದು. ಬೊಟ್ಟಿಡುವಷ್ಟು ಸವರಿದರೆ ನಿಲ್ಲದು. ‘ಎ’ ಕಿರಣಕ್ಕಾಗಿ ‘ಬ್ರಾಡ್ ಸ್ಪೆಕ್ಟ್ರಂ’ ಎಂಬ ಮಾತು ಡಬ್ಬಿಯ ಮೇಲಿದೆಯೇ ನೋಡಿಕೊಳ್ಳಿ. ಮೈದಾನದಲ್ಲಿ ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇದು ಬೆಳ್ಳಗಾಗಿಸುವ ಕ್ರೀಮಲ್ಲ; ಆ ಆಸೆಯಿಂದ ಕೊಳ್ಳಬೇಡಿ.

ದುಡ್ಡಿಲ್ಲದ ಉಪಾಯವೂ ಇದೆ: ನೆಲ ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಪ್ರಬಲವಾಗಿದೆ ಎಂದರ್ಥ. ಆಗ ಕೊಡೆ ಬಿಚ್ಚಿ (ಹುಡುಗರೂ ಅಷ್ಟೆ, ನಾಚಿಕೆ ಬೇಡ).