ಕಾಸ್ಟಿಕ್ ಸೋಡಾದ ಲೆಕ್ಕ

ಮನೆಯಲ್ಲಿ ಸಾಬೂನು ಮಾಡಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಕಾಸ್ಟಿಕ್ ಸೋಡಾ ಹಾಕದೆ ಆಗುವುದಿಲ್ಲವೇ? ಆಗುವುದಿಲ್ಲ. ಅಂಗಡಿಯಿಂದ ತಂದ ‘ಸೋಪ್ ಬೇಸ್’ ಕರಗಿಸಿ, ಬಣ್ಣ ಪರಿಮಳ ಬೆರೆಸಿ ಅಚ್ಚಿಗೆ ಹೊಯ್ಯುವವರು ಬಹಳ ಮಂದಿ ಇದ್ದಾರೆ. ಅಲ್ಲೂ ಕಾಸ್ಟಿಕ್ ತನ್ನ ಕೆಲಸ ಮಾಡಿ ಮುಗಿಸಿಯೇ ಇದೆ, ಬೇರೆ ಯಾರದೋ ಕಾರ್ಖಾನೆಯಲ್ಲಿ. ‘ಕೆಮಿಕಲ್ ಇಲ್ಲದ ಸಾಬೂನು’ ಎಂಬ ಚೀಟಿ ಅಂಟಿಸಿಕೊಂಡ ಬಿಲ್ಲೆಗಳನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಸಾಬೂನು ಎಂಬುದೇ ಒಂದು ಲವಣ. ಎಣ್ಣೆಯಲ್ಲಿರುವ ಆಮ್ಲಕ್ಕೂ ಕ್ಷಾರಕ್ಕೂ ಗಂಟು ಬಿದ್ದು ಹುಟ್ಟಿದ್ದು. ಕ್ಷಾರ ಬಿಟ್ಟರೆ ಉಳಿಯುವುದು ಎಣ್ಣೆ ಮಾತ್ರ.

ಹವೆ, ನೀರು, ಸಿಗುವ ಎಣ್ಣೆ ಊರಿಂದೂರಿಗೆ ಬೇರೆ; ಈ ಲೇಖನದ ಊರು ವಾಡಿ. ಕನ್ನಡಿಗರಿಗೆ ಥಟ್ಟನೆ ನೆನಪಾಗುವ, ಸಿಮೆಂಟ್ ಕಾರ್ಖಾನೆ ಇರುವ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಅಲ್ಲ. ನಾಗಪುರದ ಪಶ್ಚಿಮಕ್ಕೆ ಅಮರಾವತಿ ರಸ್ತೆಯಲ್ಲಿ, ಲಾರಿಗಳ, ಗೋದಾಮುಗಳ ನಡುವೆ ಬೆಳೆದ ವಾಡಿ. ಸಾಬೂನಿನ ಮಾತಿಗೆ ಈ ರಸ್ತೆ ಹೊಂದುತ್ತದೆ. ವಾಡಿಯಿಂದ ಇದೇ ಅಮರಾವತಿ ರಸ್ತೆ ಹಿಡಿದು ನಾಗಪುರದ ಕಡೆಗೆ ಬಂದರೆ ಲಕ್ಷ್ಮೀನಾರಾಯಣ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಬೆಳೆದ ವಿದ್ಯಾಲಯ ಸಿಗುತ್ತದೆ. ಕಾಮ್ಠಿಯ ರಾವ್ ಬಹದ್ದೂರ್ ಡಿ. ಲಕ್ಷ್ಮೀನಾರಾಯಣ ಉಯಿಲು ಬರೆದು ಬಿಟ್ಟುಹೋದ ಹಣದಿಂದ 1942ರಲ್ಲಿ ಹುಟ್ಟಿದ ಸಂಸ್ಥೆ. ಎಣ್ಣೆ, ಕೊಬ್ಬು, ಸಾಬೂನುಗಳ ವಿದ್ಯೆಯನ್ನು ‘ಆಯಿಲ್ ಟೆಕ್ನಾಲಜಿ’ ಎಂಬ ಹೆಸರಿನಲ್ಲಿ ಕಲಿಸಿದ ಕೆಲವೇ ಜಾಗಗಳಲ್ಲಿ ಅದೂ ಒಂದು. ದಕ್ಷಿಣಕ್ಕೆ ವಾರ್ಧಾ. ಅಲ್ಲಿನ ಮಗನವಾಡಿಯಲ್ಲಿ 1934ರ ಕೊನೆಗೆ ಗಾಂಧೀಜಿ ಕಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ನೆಲೆಯೂರಿತು. ಜೆ.ಸಿ. ಕುಮಾರಪ್ಪನವರ ಆ ಬಳಗ ಗಾಣದ ಎಣ್ಣೆ, ಕೈಕಾಗದಗಳ ಜೊತೆಗೆ ಸಾಬೂನನ್ನೂ ಹಳ್ಳಿಯ ಕಸುಬಾಗಿ ಕಂಡಿತು.

ಕ್ಷಾರದ ಕಥೆ ಇನ್ನೂ ಹಳೆಯದು, ಅದೂ ವಿದರ್ಭದ್ದೇ. ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ಆಕಾಶದಿಂದ ಬಿದ್ದ ಕಲ್ಲು ತೋಡಿದ ಹೊಂಡ. ಹೊಂಡದ ಬಾಯಿ ಸುಮಾರು 1.8 ಕಿಲೋಮೀಟರ್ ಅಗಲ. ನೀರು ಎಷ್ಟು ಕ್ಷಾರವೆಂದರೆ ಅದರ ಪಿಎಚ್ 10ರ ಆಸುಪಾಸು. ನೀರು ಇಳಿದಾಗ ದಡದಲ್ಲಿ ಸೋಡಾ ಹೆಪ್ಪುಗಟ್ಟುತ್ತಿತ್ತು. ಗಾಜಿಗೂ ಸಾಬೂನಿಗೂ ಬೇಕಾದ ಸಾಮಗ್ರಿ ಇಲ್ಲಿ ಸಿಗುತ್ತದೆಂದು ಅಬುಲ್ ಫಜಲ್ ಹದಿನಾರನೆಯ ಶತಮಾನದ ಕೊನೆಯಲ್ಲೇ ‘ಐನ್-ಇ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ನಮ್ಮ ಬಯಲುಸೀಮೆಯ ಅಗಸರು ಬಟ್ಟೆ ಒಗೆಯಲು ಚೌಳುಮಣ್ಣು ಅಗೆದು ತರುತ್ತಿದ್ದುದೂ ಇದೇ ಕಾರಣಕ್ಕೆ. ಅದರಲ್ಲಿರುವುದೂ ಸೋಡಿಯಂ ಕಾರ್ಬೊನೇಟೇ. ಅದು ಸೌಮ್ಯ ಕ್ಷಾರ, ಎಣ್ಣೆಯನ್ನು ಪೂರ್ತಿ ಒಡೆಯುವ ಶಕ್ತಿ ಅದಕ್ಕಿಲ್ಲ. ಸುಣ್ಣದ ನೀರಿನ ಜೊತೆ ಕುದಿಸಿದರೆ ಕಾರ್ಬೊನೇಟ್ ಭಾಗ ಸುಣ್ಣಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ, ಮೇಲೆ ಉಳಿಯುವ ತಿಳಿಯೇ ಕಾಸ್ಟಿಕ್. ಒಲೆಯ ಬೂದಿಯಿಂದಲೂ ಹೀಗೆ ಮಾಡಬಹುದು. ಬೂದಿಯಲ್ಲಿ ಸೋಡಿಯಂಗಿಂತ ಪೊಟ್ಯಾಸಿಯಂ ಹೆಚ್ಚಾದ್ದರಿಂದ ಆ ಸಾಬೂನು ಗಟ್ಟಿ ಬಿಲ್ಲೆಯಾಗದೆ ಮೆತ್ತಗೆ ಮುದ್ದೆಯಾಗಿ ಉಳಿಯುತ್ತದೆ.

ಅಡುಗೆ ಉಪ್ಪಿನಿಂದ ಸೋಡಾ ತೆಗೆಯುವ ದಾರಿಯನ್ನು ಫ್ರಾನ್ಸಿನ ನಿಕೊಲಾ ಲೆಬ್ಲಾಂ 1791ರಲ್ಲಿ ತೋರಿಸಿದ ಮೇಲೆ ಸಾಬೂನು ಜನಸಾಮಾನ್ಯರ ವಸ್ತುವಾಗತೊಡಗಿತು. ಅಷ್ಟಾದರೂ ಪಾತ್ರೆಯೊಳಗೆ ಏನು ನಡೆಯುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬಿಡಿಸಿದವನು ಮಿಶೆಲ್ ಶೆವ್ರೊಲ್. ಕೊಬ್ಬೆಂದರೆ ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳ ಜೋಡಣೆ, ಕ್ಷಾರ ಬಂದು ಗ್ಲಿಸರಿನ್ನನ್ನು ಹೊರದಬ್ಬಿ ಆ ಜಾಗದಲ್ಲಿ ಕೂರುತ್ತದೆ ಎಂದು 1823ರ ತನ್ನ ಪುಸ್ತಕದಲ್ಲಿ ವಿವರಿಸಿದ. 102 ವರ್ಷ ಬದುಕಿದ ಈ ಮನುಷ್ಯ ಸಾಬೂನಿನ ಅರ್ಥ ಹೇಳಿದ ಮೇಲೂ ಅರವತ್ತಾರು ವರ್ಷ ಇದ್ದ.

ಶೆವ್ರೊಲ್‌ನ ಈ ಮಾತೇ ಹವ್ಯಾಸಿಯ ತಕ್ಕಡಿಗೆ ಆಧಾರ. ಇಷ್ಟು ಎಣ್ಣೆಗೆ ಇಷ್ಟೇ ಕಾಸ್ಟಿಕ್ ಎಂಬ ನಿಶ್ಚಿತ ಲೆಕ್ಕವಿದೆ, ಪ್ರತಿ ಎಣ್ಣೆಗೂ ಅದು ಬೇರೆ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಬೇಕು; ಕಡಲೆಕಾಯಿ ಎಣ್ಣೆಗೆ 0.136, ಹರಳೆಣ್ಣೆಗೆ 0.128. ತೆಂಗಿನೆಣ್ಣೆಯ ಆಮ್ಲಗಳ ಸರಪಳಿ ಗಿಡ್ಡ. ಅದರ ಅರ್ಧದಷ್ಟು ಭಾಗ ಬರೀ ಹನ್ನೆರಡು ಇಂಗಾಲದ ಲಾರಿಕ್ ಆಮ್ಲ. ಅಣು ಸಣ್ಣದಾದಷ್ಟೂ ಒಂದು ಗ್ರಾಮಿನಲ್ಲಿ ಅಣುಗಳ ಸಂಖ್ಯೆ ಹೆಚ್ಚು, ಪ್ರತಿಯೊಂದಕ್ಕೂ ಒಂದೊಂದು ಸೋಡಿಯಂ ಬೇಕೇ ಬೇಕು. ಆದ್ದರಿಂದ 500 ಗ್ರಾಂ ತೆಂಗಿನೆಣ್ಣೆಗೆ ಕಾಸ್ಟಿಕ್ 91 ಗ್ರಾಂ ದಾಟುತ್ತದೆ, ಅಷ್ಟೇ ಹರಳೆಣ್ಣೆಗೆ 64 ಸಾಕು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಮೈ ಉರಿಯುತ್ತದೆ, ಇಲ್ಲವೇ ಕೈಗೆ ಜಿಡ್ಡು ಮೆತ್ತುತ್ತದೆ. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಮೇಲು.

ಒಂದು ಸಾಧಾರಣ ಮಿಶ್ರಣ: ತೆಂಗಿನೆಣ್ಣೆ 200 ಗ್ರಾಂ, ಕಡಲೆಕಾಯಿ ಎಣ್ಣೆ 275, ಹರಳೆಣ್ಣೆ 25. ಲೆಕ್ಕ ಹಾಕಿದರೆ ಕಾಸ್ಟಿಕ್ 77.2 ಗ್ರಾಂ. ಅಷ್ಟನ್ನೂ ಹಾಕಬಾರದು. ಶೇಕಡಾ 5ರಷ್ಟು ಕಡಿಮೆ ಮಾಡಿ 73ಕ್ಕೆ ನಿಲ್ಲಿಸಿದರೆ ಕ್ಷಾರವೆಲ್ಲ ಖರ್ಚಾಗಿ ಸ್ವಲ್ಪ ಎಣ್ಣೆ ಹಾಗೇ ಉಳಿಯುತ್ತದೆ. ಎಣ್ಣೆಗಳ ಸ್ವಭಾವ ಒಂದೇ ಇರುವುದಿಲ್ಲವಾದ್ದರಿಂದ ಇದು ಸುರಕ್ಷತೆಯ ಅಂಚು, ಚರ್ಮಕ್ಕೂ ಹಿತ. ನೀರು 165 ಗ್ರಾಂ. ತೆಂಗು ನೊರೆ ಕೊಡುತ್ತದೆ, ಬಿಲ್ಲೆಯನ್ನು ಗಟ್ಟಿ ಮಾಡುತ್ತದೆ, ಅತಿಯಾದರೆ ಚರ್ಮ ಬಿರುಕು ಬಿಡುವಷ್ಟು ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ. ಕಡಲೆಕಾಯಿಯ ಓಲಿಕ್ ಆಮ್ಲ ಮೃದು. ಹರಳೆಣ್ಣೆ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ವಿದರ್ಭದಲ್ಲಿ ಸಿಗುವ ಮೋಹದ ಬೀಜದ ಎಣ್ಣೆ, ಅಂದರೆ ನಮ್ಮ ಹಿಪ್ಪೆ ಎಣ್ಣೆ, ಸಾಬೂನಿಗೆ ಹೇಳಿ ಮಾಡಿಸಿದಂತಿದೆ. ಕರಂಜ ಎಂದು ಇಲ್ಲಿ ಕರೆಯುವ ಹೊಂಗೆಯದ್ದೂ ಆಗುತ್ತದೆ, ವಾಸನೆ ಸಹಿಸಿಕೊಳ್ಳುವವರಿಗೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅಡುಗೆಗೆ ಸಾಮಾನ್ಯವಾಗಿ ಬಳಸದ ಇಂಥ ಎಣ್ಣೆಗಳನ್ನು ಸಾಬೂನಿಗೆ ಹಚ್ಚಿತು. ಅಗಸೆ ಎಣ್ಣೆ ಮಾತ್ರ ಬೇಡ. ಬಿಲ್ಲೆ ಮೆತ್ತಗಾಗಿ, ಕೆಲವೇ ವಾರಗಳಲ್ಲಿ ಕಮಟು ಹಿಡಿಯುತ್ತದೆ.

ಈಗ ಎಚ್ಚರಿಕೆ. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಕಾಸ್ಟಿಕ್ ಮೇಲೆ ನೀರು ಹೊಯ್ದರೆ ಒಂದೇ ಕಡೆ ಶಾಖ ಹುಟ್ಟಿ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಬೆರೆಸಿದರೂ ದ್ರಾವಣದ ಬಿಸಿ 80 ಡಿಗ್ರಿ ದಾಟುತ್ತದೆ, ಮೂಗಿಗೆ ಘಾಟು ಏರುತ್ತದೆ, ಕಿಟಕಿ ತೆರೆದಿರಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರವೂ ತರಬೇಡಿ. ಕ್ಷಾರ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಪಾತ್ರೆಯಾಗಬಹುದು. ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್. ಮೈಮೇಲೆ ಬಿದ್ದರೆ ವಿನೆಗರ್ ಹುಡುಕುತ್ತ ಕೂರದೆ ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ತೊಳೆಯಬೇಕು, ಕಣ್ಣಿಗೆ ಬಿದ್ದರೆ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ಕಾಸ್ಟಿಕ್ ಡಬ್ಬ ಬೀಗದೊಳಗಿರಲಿ, ಸಕ್ಕರೆಯ ಹಾಗೆ ಕಾಣುವ ಆ ಬಿಳಿ ಹರಳು ಗಂಟಲನ್ನೇ ಸುಟ್ಟುಬಿಡುತ್ತದೆ.

ದ್ರಾವಣವೂ ಎಣ್ಣೆಯೂ ಉಗುರುಬೆಚ್ಚಗಾದ ಮೇಲೆ ಬೆರೆಸಿ ಕಲಕುವುದು. ಮೊದಮೊದಲು ಏನೂ ಆಗುವುದಿಲ್ಲ. ಎಣ್ಣೆಗೂ ನೀರಿಗೂ ಹೊಂದಾಣಿಕೆಯಿಲ್ಲ, ಅವು ಮುಟ್ಟುವ ಗಡಿಯಲ್ಲಷ್ಟೇ ಕ್ರಿಯೆ. ಅಲ್ಲಿ ಚೂರು ಸಾಬೂನು ಹುಟ್ಟಿತೆಂದರೆ ಅದೇ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಗಡಿ ದೊಡ್ಡದಾಗುತ್ತದೆ, ಇನ್ನಷ್ಟು ಸಾಬೂನು ಹುಟ್ಟುತ್ತದೆ. ತನ್ನ ವೇಗವನ್ನು ತಾನೇ ಹೆಚ್ಚಿಸಿಕೊಳ್ಳುವ ಕ್ರಿಯೆ ಇದು. ಕೋಲಿನಿಂದ ಕಲಕಿದರೆ ಗಂಟೆಗಟ್ಟಲೆ ಹಿಡಿಯುವ ಕೆಲಸ ಕೈಬ್ಲೆಂಡರ್‌ನಲ್ಲಿ ಕೆಲವೇ ನಿಮಿಷ. ಇಡ್ಲಿ ಹಿಟ್ಟಿನ ಹದಕ್ಕೆ ಬಂದು, ಮೇಲಿಂದ ಸುರಿದ ಎಳೆ ಗುರುತು ಬಿಡತೊಡಗಿದರೆ ಅಚ್ಚಿಗೆ ಹೊಯ್ಯಬಹುದು.

ಮುಂದಿನದೆಲ್ಲ ಊರಿನ ಹವೆಗೆ ಬಿಟ್ಟದ್ದು. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದಲ್ಲಿ ಅದು ನೀರಿನಂತಿರುತ್ತದೆ, ಡಿಸೆಂಬರಿನ ಬೆಳಗಿಗೆ ಡಬ್ಬದಲ್ಲಿ ಕಲ್ಲಾಗಿರುತ್ತದೆ. ಬೇಸಿಗೆಯಲ್ಲಿ ಅಚ್ಚಿಗೆ ಕಂಬಳಿ ಸುತ್ತುವ ಸಲಹೆ ಪುಸ್ತಕದಲ್ಲಿದ್ದರೆ ಬದಿಗಿಡಿ: ಕ್ರಿಯೆಯ ಶಾಖವೇ ಸಾಕಷ್ಟಿದೆ, ಹೊರಗಿನದೂ ಸೇರಿದರೆ ಬಿಲ್ಲೆಯ ನಡು ಉಬ್ಬಿ ಸೀಳುತ್ತದೆ. ಒಂದೆರಡು ದಿನಕ್ಕೆ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಗೆ ಇಡುವುದು ವಾಡಿಕೆ. ಕಾಸ್ಟಿಕ್ ‘ಇಳಿಯಲು’ ಇಷ್ಟು ಕಾಲ ಬೇಕೆಂದು ಹಲವರು ನಂಬಿದ್ದಾರೆ. ಕಾಸ್ಟಿಕ್ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ತೀರಿರುತ್ತದೆ. ವಾರಗಳು ಬೇಕಾಗುವುದು ನೀರು ಆರಲು ಮತ್ತು ಸಾಬೂನಿನ ಹರಳುಗಳು ಒತ್ತಾಗಿ ಜೋಡಿಸಿಕೊಳ್ಳಲು; ಅವಸರ ಮಾಡಿದ ಬಿಲ್ಲೆ ಬಚ್ಚಲಲ್ಲಿ ಬೇಗ ಕರಗಿಹೋಗುತ್ತದೆ. ವಾಡಿಯ ಒಣ ಏಪ್ರಿಲ್ ಇದಕ್ಕೆ ಒಳ್ಳೆಯ ಕಾಲ. ಜುಲೈ ಮಳೆಯಲ್ಲಿ ಇದೇ ಬಿಲ್ಲೆಗಳು ಬೆವರುತ್ತವೆ. ಕಾರ್ಖಾನೆಗಳು ಬೇರ್ಪಡಿಸಿ ಮಾರುವ ಗ್ಲಿಸರಿನ್ ಮನೆಯ ಸಾಬೂನಿನೊಳಗೇ ಉಳಿದಿರುತ್ತದೆ. ಮೇಲಿನ ಅಳತೆಯಲ್ಲಿ ಸುಮಾರು 55 ಗ್ರಾಂ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಈ ಗ್ಲಿಸರಿನ್‌ನಿಂದಾಗಿಯೇ ಮನೆಯ ಬಿಲ್ಲೆಯ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಶೇಕಡಾ 70ರ ಆಸುಪಾಸಿಗೆ ನಿಲ್ಲುತ್ತದೆ. ಭಾರತೀಯ ಮಾನಕದಲ್ಲಿ ಮೊದಲ ದರ್ಜೆಯ ಸ್ನಾನದ ಸಾಬೂನಿಗೆ 76 ಬೇಕು, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ಅಂಕೆ ಕಡಿಮೆಯೆಂದು ಮನೆಯದು ಕಳಪೆಯಾಗುವುದಿಲ್ಲ. ಕೊಬ್ಬಿನ ಪಾಲನ್ನು ಇಳಿಸಿದ್ದು ಚರ್ಮಕ್ಕೆ ಬೇಕಾದ ವಸ್ತುವೇ ಹೊರತು ಅಗ್ಗದ ಪುಡಿಯಲ್ಲ.

ನಾಗಪುರ ಎಂದರೆ ಕಿತ್ತಳೆ. ಸಹಜವಾಗಿ ಎಲ್ಲರಿಗೂ ಕಿತ್ತಳೆ ಸಾಬೂನಿನ ಆಸೆ. ಸಿಪ್ಪೆಯ ಪರಿಮಳದ ಮುಖ್ಯ ವಸ್ತು ಲಿಮೊನೀನ್ 176 ಡಿಗ್ರಿಗೆ ಕುದಿಯುವ ಹಗುರ ದ್ರವ, ಆರು ವಾರ ಗಾಳಿಗಿಟ್ಟರೆ ಬಹುಪಾಲು ಹಾರಿಯೇ ಹೋಗುತ್ತದೆ. ಗಾಳಿಯಲ್ಲಿ ಹಳಸಿದ ಲಿಮೊನೀನ್ ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ತರುತ್ತದೆ. ಕನ್ನಡಿಗರ ಹೆಮ್ಮೆಯ ಮೈಸೂರು ಸ್ಯಾಂಡಲ್ ಇಲ್ಲಿ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ಕೊರಡುಗಳ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಮೈಸೂರು ಸಂಸ್ಥಾನ ಎಣ್ಣೆಯನ್ನು ತನ್ನಲ್ಲೇ ಇಳಿಸಲು ಹೊರಟಿತು, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅದರ ವಿಧಾನ ರೂಪಿಸಿದರು. ಸಾಬೂನಿನ ತಂತ್ರ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದವರು ಎಸ್.ಜಿ. ಶಾಸ್ತ್ರಿ. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಶ್ರೀಗಂಧದ ಸ್ಯಾಂಟಲಾಲ್ ಭಾರದ ಅಣು, ಕುದಿಯಲು 300 ಡಿಗ್ರಿಯಷ್ಟು ಬೇಕು, ಕ್ಷಾರಕ್ಕೂ ಜಗ್ಗುವುದಿಲ್ಲ. ಪೆಟ್ಟಿಗೆ ಖಾಲಿಯಾದ ಮೇಲೂ ಬೀರುವಿನ ಸೀರೆಗಳ ನಡುವೆ ಆ ಪರಿಮಳ ಉಳಿಯುವುದು ಅದಕ್ಕೇ. ಕಿತ್ತಳೆಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಹಣ್ಣಿನ ಹುಳಿ ಮಾತ್ರ ಬೇರೊಂದು ಬಗೆಯಲ್ಲಿ ಕೆಲಸಕ್ಕೆ ಬರುತ್ತದೆ. ನಾಗಪುರದ ಪಶ್ಚಿಮ ಭಾಗ ಕೂತಿರುವುದು ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಮೇಲೆ. ಅಲ್ಲಿನ ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿದ್ದಷ್ಟೂ ಅವು ಸಾಬೂನಿನ ಸೋಡಿಯಂ ಜಾಗ ಕಸಿದು ಕರಗದ ಗಸಿಯಾಗಿ ಬಕೆಟ್ಟಿಗೆ ಅಂಟುತ್ತವೆ, ನೊರೆ ಏಳುವುದಿಲ್ಲ. ಸಾಬೂನು ಮಾಡುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿದರೆ ಬಿಲ್ಲೆಯೊಳಗಿನ ತೊಂದರೆ ತಪ್ಪುತ್ತದೆ, ಸ್ನಾನದ ನೀರಿನ ತೊಂದರೆ ತಪ್ಪುವುದಿಲ್ಲ. ಅದಕ್ಕೆ ಹಣ್ಣಿನ ಹುಳಿಯಾದ ಸಿಟ್ರಿಕ್ ಆಮ್ಲ: ಮೇಲಿನ ಅಳತೆಗೆ 8 ಗ್ರಾಂ. ಅದು ಕಾಸ್ಟಿಕ್ಕಿನ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗುತ್ತದೆ, ಸಿಟ್ರೇಟ್ ಗಡಸು ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಗಸಿ ಕಡಿಮೆ ಮಾಡುತ್ತದೆ. ಲೆಕ್ಕ ಮರೆಯಬಾರದು. ಒಂದು ಗ್ರಾಂ ಸಿಟ್ರಿಕ್ ಆಮ್ಲ 0.625 ಗ್ರಾಂ ಕಾಸ್ಟಿಕ್ ತಿನ್ನುತ್ತದೆ, ಎಂಟು ಗ್ರಾಂಗೆ 5 ಗ್ರಾಂ. ಹಾಗಾಗಿ ಕಾಸ್ಟಿಕ್ 73ರ ಬದಲು 78.

ಪಿಎಚ್ ಪಟ್ಟಿ ಒದ್ದೆ ಬಿಲ್ಲೆಗೆ ಒತ್ತಿದಾಗ 9ರಿಂದ 10 ತೋರಿಸಿದರೆ ಗಾಬರಿ ಬೇಡ, ನಿಜವಾದ ಸಾಬೂನು ಅಷ್ಟೇ ಇರುತ್ತದೆ. 5.5 ಎಂದು ಬರೆದುಕೊಂಡ ಬಿಲ್ಲೆಗಳು ಸಾಬೂನಲ್ಲ, ಬೇರೆ ಜಾತಿಯ ಮಾರ್ಜಕ. ಪಟ್ಟಿ 11 ದಾಟಿದರೆ, ಮೇಲೆ ಬಿಳಿ ಹರಳಿನ ಗೂಡು ಕಂಡರೆ, ಅದನ್ನು ಮೈಗೆ ಹಚ್ಚದೆ ಗ್ಲೌಸ್ ಹಾಕಿಕೊಂಡು ನೆಲ ತಿಕ್ಕಲು ಬಳಸಬಹುದು. ಗೆಳೆಯರಿಗೆ ಹಂಚುವುದು ಬೇರೆ. ಮಾರಲು ಹೊರಟರೆ ಕಾಯಿದೆಯ ಕಣ್ಣಿನಲ್ಲಿ ಸ್ನಾನದ ಸಾಬೂನು ಒಂದು ಸೌಂದರ್ಯವರ್ಧಕ, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. ಅಡುಗೆಮನೆಯ ಕಟ್ಟೆಗೆ ಅದು ಸಿಗುವುದಿಲ್ಲ.