ಸೊನ್ನೆ ಎಲ್ಲಿ ಹೋಯ್ತು?

ಕಳೆದ ಸೆಮಿಸ್ಟರ್ ರಜೆಗೆ ಕೊಳ್ಳೇಗಾಲದ ಮನೆಗೆ ಬಂದಾಗ ಅಮ್ಮ ಒಂದು ಕೆಲಸ ಒಪ್ಪಿಸಿದರು. ‘ಪಕ್ಕದ ಮನೆ ಹುಡುಗಿಗೆ ಭಾಗಾಕಾರ ಬರ್ತಿಲ್ವಂತೆ. ನೀನು ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಒಂದರ್ಧ ಗಂಟೆ ಹೇಳ್ಕೊಡು’ ಅಂದರು. ಅರ್ಧ ಗಂಟೆ ಯಾಕೆ, ಹತ್ತು ನಿಮಿಷ ಸಾಕು ಅಂದುಕೊಂಡೆ. ಫೋರಿಯರ್ ಸರಣಿ, ಲ್ಯಾಪ್ಲಾಸ್ ಎಲ್ಲ ಬರೆದು ಪಾಸಾದವಳಿಗೆ ಐದನೇ ತರಗತಿಯ ಲೆಕ್ಕ ಯಾವ ಲೆಕ್ಕ!

ಜಗಲಿಯಲ್ಲಿ ಕೂರಿಸಿಕೊಂಡು 612ನ್ನು 6ರಿಂದ ಭಾಗಿಸಲು ಹೇಳಿದೆ. ಅವಳು 12 ಎಂದು ಬರೆದಳು. ತಪ್ಪು ಅಂದೆ. ಅಳಿಸಿ ಮತ್ತೆ ಮಾಡಿದಳು. ಮತ್ತೆ 12.

‘ಆರೊಂದ್ಲ ಆರು. ಒಂದ್ ಇಳಿಸ್ದೆ, ಹೋಗದಿಲ್ಲ. ಎರಡ್ನೂ ಇಳಿಸ್ದೆ. ಆರೆರಡ್ಲ ಹನ್ನೆರಡು. ಸರಿಯಾಗೇ ಅದಲ್ಲಕ್ಕ?’

‘ಎರಡು ಅಂಕಿ ಇಳಿಸಿದ್ರೆ ಮೇಲೆ ಸೊನ್ನೆ ಹಾಕ್ಬೇಕು. ಉತ್ತರ 102’ ಅಂದೆ.

‘ಯಾಕಕ್ಕ?’

ಬಾಯಿಗೆ ಬಂದ ಉತ್ತರ ‘ಅದು ರೂಲು’. ಅವಳು ತಲೆಯಾಡಿಸಿ ಸುಮ್ಮನಾದಳು. ಆ ಸುಮ್ಮನಾಗುವಿಕೆ ನನಗೆ ಗೊತ್ತಿತ್ತು. ಅರ್ಥವಾಗದಿದ್ದಾಗ ನಾನೂ ತರಗತಿಯಲ್ಲಿ ಹಾಗೆಯೇ ತಲೆಯಾಡಿಸುತ್ತಾ ಬಂದವಳು.

ಆ ‘ಯಾಕೆ’ ನನ್ನನ್ನು ಚುಚ್ಚಲು ಇನ್ನೊಂದು ಕಾರಣವೂ ಇತ್ತು. ಕೆಲವು ವಾರಗಳ ಹಿಂದಷ್ಟೇ ಇಂಟರ್ನ್‌ಶಿಪ್‌ಗಾಗಿ ಕಂಪನಿಯೊಂದರ ಆಪ್ಟಿಟ್ಯೂಡ್ ಪರೀಕ್ಷೆ ಬರೆದಿದ್ದೆ. ಕ್ಯಾಲ್ಕುಲೇಟರ್ ಇರಲಿಲ್ಲ. ಸರಾಸರಿ, ಶೇಕಡಾವಾರು, ವೇಗ– ಸೂತ್ರಗಳೆಲ್ಲ ಗೊತ್ತಿದ್ದವು. ಆದರೆ ಪ್ರತಿ ಪ್ರಶ್ನೆಯ ಕೊನೆಯಲ್ಲೂ ಎರಡಂಕಿಯ ಸಂಖ್ಯೆಯಿಂದ ಭಾಗಿಸುವುದೊಂದು ಬಾಕಿ ಇರುತ್ತಿತ್ತು. ಅಲ್ಲೇ ಒದ್ದಾಡಿದೆ. ಮುಂದಿನ ಸುತ್ತಿನ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮನೆಯಲ್ಲಿ ‘ಕಾಂಪಿಟೇಷನ್ ಜಾಸ್ತಿ ಇತ್ತು’ ಎಂದಿದ್ದೆ. ಭಾಗಾಕಾರ ಬರಲಿಲ್ಲ ಎಂದು ಹೇಳಲು ನಾಚಿಕೆಯಾಗಿತ್ತು.

ಅವತ್ತು ರಾತ್ರಿ ಹಳೇ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ನೂರರ, ಹತ್ತರ, ಒಂದರ ‘ನೋಟು’ಗಳನ್ನು ಮಾಡಿದೆ. ಮರುದಿನ ಸಂಜೆ ಹುಡುಗಿಯ ಕೈಗೆ ನೂರರ ಆರು, ಹತ್ತರ ಒಂದು, ಒಂದರ ಎರಡು ನೋಟು ಕೊಟ್ಟು, ‘ಆರು ಜನಕ್ಕೆ ಸಮವಾಗಿ ಹಂಚು’ ಅಂದೆ. ನೂರರ ನೋಟು ಒಬ್ಬೊಬ್ಬರಿಗೆ ಒಂದೊಂದು ಸಿಕ್ಕಿತು. ಹತ್ತರ ಒಂದೇ ನೋಟನ್ನು ಹಿಡಿದು ಅವಳು ಯೋಚಿಸಿದಳು.

‘ಇದ್ನ ಆರು ಜನಕ್ಕೆ ಕೊಡಕಾಗದಿಲ್ಲ. ಚಿಲ್ಲರೆ ಮಾಡ್ಸ್‌ಬೇಕು.’

‘ಹಾಗಾದ್ರೆ ಒಬ್ಬೊಬ್ಬರಿಗೆ ಹತ್ತರ ನೋಟು ಎಷ್ಟು ಸಿಕ್ತು?’

‘ಒಂದೂ ಇಲ್ಲ.’ ಒಂದು ಕ್ಷಣ ತಡೆದು, ‘ಓ... ಸೊನ್ನೆ!’ ಅಂದಳು.

ಚಿಲ್ಲರೆ ಮಾಡಿಸಿದಾಗ ಒಂದರ ನೋಟು ಹನ್ನೆರಡಾದವು. ತಲೆಗೆ ಎರಡೆರಡು. ನೂರು ಒಂದು, ಹತ್ತು ಇಲ್ಲ, ಬಿಡಿ ಎರಡು. 102. ಸೊನ್ನೆ ಎಲ್ಲೂ ಹೋಗಿರಲಿಲ್ಲ, ನಾವು ಅದನ್ನು ಹುಡುಕಿರಲಿಲ್ಲ ಅಷ್ಟೆ. ‘ಅಂಕಿ ಇಳಿಸುವುದು’ ಎಂದರೆ ಉಳಿದ ದೊಡ್ಡ ನೋಟಿಗೆ ಚಿಲ್ಲರೆ ಮಾಡಿಸಿ, ಇರುವ ಚಿಲ್ಲರೆಯ ಜೊತೆ ಸೇರಿಸುವುದು ಎಂದು ನನಗೂ ಅವತ್ತೇ ಅರ್ಥವಾಗಿದ್ದು!

ಭಾಗಾಕಾರ ಯಾಕೆ ಕಷ್ಟ ಎಂದು ಯೋಚಿಸಿದಾಗ ಇನ್ನೊಂದು ಹೊಳೆಯಿತು. ಕೂಡುವಾಗ, ಕಳೆಯುವಾಗ, ಗುಣಿಸುವಾಗ ಮಕ್ಕಳು ಬಲಗಡೆಯ ಬಿಡಿ ಸ್ಥಾನದಿಂದ ಶುರು ಮಾಡುತ್ತಾರೆ. ಭಾಗಾಕಾರ ಮಾತ್ರ ಎಡದಿಂದ. ಅಂದಾಜು, ಮಗ್ಗಿ, ಕಳೆಯುವುದು, ಸ್ಥಾನಬೆಲೆ ಎಲ್ಲವೂ ಒಂದೇ ಲೆಕ್ಕದಲ್ಲಿ ಬೇಕು. ಒಂದು ಕೊಂಡಿ ಕಳಚಿದರೂ ಉತ್ತರ ತಪ್ಪು. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕವನ್ನೇ ಕೊಡುತ್ತದೆ. 2022ರಲ್ಲಿ ದೇಶದ ಐದನೇ ತರಗತಿ ಮಕ್ಕಳಲ್ಲಿ ಅದನ್ನು ಮಾಡಬಲ್ಲವರು ಶೇ 25.6ರಷ್ಟಿದ್ದರು. 2024ರಲ್ಲಿ ಶೇ 30.7. ಏರಿದೆ ನಿಜ, ಆದರೂ ಹತ್ತರಲ್ಲಿ ಏಳು ಮಕ್ಕಳು ಹೊರಗೇ ಇದ್ದಾರೆ.

ಅದೇ ರಜೆಯಲ್ಲಿ ಹನೂರಿನ ಚಿಕ್ಕಮ್ಮನ ಮನೆಗೆ ಹೋದೆ. ನೋಟಿನ ಕಟ್ಟು ಬ್ಯಾಗಿನಲ್ಲೇ ಇತ್ತು. ತಮಿಳುನಾಡಿನ ಗಡಿಗೆ ಅಂಟಿಕೊಂಡ ತಾಲ್ಲೂಕು ಅದು. ಬೀದಿಯ ಮಕ್ಕಳಲ್ಲಿ ಇಬ್ಬರು ಮನೆಯಲ್ಲಿ ತಮಿಳು ಮಾತಾಡುವವರು. ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂದು ನಾನು ಹೇಳುತ್ತಿದ್ದರೆ ಅವರು ಪಿಳಿಪಿಳಿ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಕನ್ನಡದ ಮಕ್ಕಳೂ ಹಾಗೆಯೇ ನೋಡುತ್ತಿದ್ದರು. ‘ಶೇಷ ಅಂದ್ರೆ ಮಿಕ್ಕಿದ್ದು’ ಎಂದಾಗ ಒಬ್ಬ, ‘ಓ, ಮೀದಿ!’ ಎಂದು ಪಕ್ಕದವನಿಗೆ ತಮಿಳಿನಲ್ಲಿ ಹೇಳಿದ. ಆಮೇಲೆ ನಾನು ‘ಹಂಚೋದು, ಎಷ್ಟು ಜನಕ್ಕೆ, ತಲೆಗೆಷ್ಟು, ಮಿಕ್ಕಿದ್ದೆಷ್ಟು’ ಎಂದೇ ಹೇಳಿಕೊಟ್ಟೆ. ಪುಸ್ತಕದ ಪದಗಳನ್ನು ಲೆಕ್ಕ ಬಂದ ಮೇಲೆ ಸೇರಿಸಿದೆ.

ಅಲ್ಲಿ ಇನ್ನೊಂದು ಪ್ರಶ್ನೆ ಕೊಟ್ಟೆ. ಮಾದಪ್ಪನ ಬೆಟ್ಟಕ್ಕೆ 130 ಜನ ಹೋಗಬೇಕು, ಒಂದು ಬಸ್ಸಿಗೆ 52 ಜನ, ಬಸ್ಸು ಎಷ್ಟು ಬೇಕು? ಎರಡು ಬಸ್ಸು, ಮಿಕ್ಕಿದ್ದು 26 ಎಂದು ಎಲ್ಲರೂ ಬರೆದರು. ‘ಆ 26 ಜನ ನಡ್ಕೊಂಡು ಹೋಗ್ತಾರಾ?’ ಎಂದೆ. ನಗು. ಚಿಕ್ಕವನೊಬ್ಬ, ‘ಮೂರು ಬಸ್ಸು ಬೇಕು ಕಣಕ್ಕ’ ಅಂದ. ಮಿಕ್ಕಿದ್ದನ್ನು ಏನು ಮಾಡಬೇಕು ಎಂದು ಲೆಕ್ಕ ಹೇಳುವುದಿಲ್ಲ, ನಾವೇ ಯೋಚಿಸಬೇಕು.

ಯಳಂದೂರಿನಲ್ಲಿ ಗೆಳತಿಯ ತಮ್ಮ ಸಿಕ್ಕ. ಶಾಲೆ ಬಿಟ್ಟ ಮೇಲೆ ಅಪ್ಪನ ಚಿಲ್ಲರೆ ಅಂಗಡಿಯಲ್ಲಿ ಕೂರುತ್ತಾನೆ. ‘300 ರೂಪಾಯಿಗೆ 12 ರೂಪಾಯಿದು ಎಷ್ಟು ಬರುತ್ತೆ?’ ಎಂದರೆ, ‘ಹತ್ತಕ್ಕೆ 120, ಇಪ್ಪತ್ತಕ್ಕೆ 240, ಮಿಕ್ಕ 60ಕ್ಕೆ ಐದು. ಇಪ್ಪತ್ತೈದು’ ಎಂದು ಥಟ್ಟನೆ ಹೇಳಿದ. ಅದನ್ನೇ ಹಾಳೆಯಲ್ಲಿ ಭಾಗಾಕಾರದ ಗೆರೆ ಹಾಕಿ ಕೊಟ್ಟರೆ ಕೈ ನಿಂತುಹೋಯಿತು. ಇದು ಅವನೊಬ್ಬನ ಕಥೆಯಲ್ಲ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುವ ಆ ಮಕ್ಕಳು ಶಾಲೆಯ ಮಾದರಿಯ ಲೆಕ್ಕದಲ್ಲಿ ಎಡವಿದರು ಎನ್ನುತ್ತದೆ ಅದು. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ಗಣಿತ ಗ್ರಂಥದ ಹೆಸರು ‘ವ್ಯವಹಾರ ಗಣಿತ’. ವ್ಯವಹಾರ ಮತ್ತು ಗಣಿತ ಎಂದೋ ಒಟ್ಟಿಗಿದ್ದವು. ನಾವೇ ಅಂಗಡಿಗೂ ಶಾಲೆಗೂ ನಡುವೆ ಗೋಡೆ ಕಟ್ಟಿದ್ದೇವೆ.

ಆ ಅಂಗಡಿಯ ದಾರಿಯನ್ನೇ ಹಿಡಿದು ಕೊಳ್ಳೇಗಾಲಕ್ಕೆ ಮರಳಿದೆ. ನಮ್ಮ ಹುಡುಗಿಗೆ 864ನ್ನು 24ರಿಂದ ಭಾಗಿಸುವ ಲೆಕ್ಕ ಕೊಟ್ಟೆ. 86ರಲ್ಲಿ 24 ಎಷ್ಟು ಸಲ ಎಂದು ಊಹಿಸಿ, ತಪ್ಪಾಗಿ, ಅಳಿಸಿ, ಹಾಳೆ ತೂತಾಗುವುದು ಬೇಡ ಎಂದು ಮೊದಲು ಬದಿಯಲ್ಲಿ 24, 48, 72, 96 ಎಂದು ಬರೆಸಿದೆ. ಇಲ್ಲವೇ ಹತ್ತು ಹತ್ತಾಗಿ ತೆಗೆಯಬಹುದು. 24ರ ಹತ್ತು ಸಲಕ್ಕೆ 240. ಮೂರು ಬಾರಿ ತೆಗೆದರೆ 720 ಹೋಗಿ 144 ಮಿಕ್ಕುತ್ತದೆ. ಅದರಲ್ಲಿ ಇನ್ನು ಆರು ಸಲ. ಹತ್ತು, ಹತ್ತು, ಹತ್ತು, ಆರು– ಒಟ್ಟು 36. ದಾರಿ ಉದ್ದ, ಆದರೆ ಎಲ್ಲೂ ಕತ್ತಲಿಲ್ಲ. ಒಂದು ವಾರದ ನಂತರ ಅವಳೇ ಚಿಕ್ಕ ದಾರಿಗೆ ಬಂದಳು.

ಸ್ನೇಹಿತರೇ, ಎಫ್‌ಡಿಎ, ಬ್ಯಾಂಕ್, ಕ್ಯಾಂಪಸ್ ಎಂದು ನಾವೆಲ್ಲ ಶಾರ್ಟ್‌ಕಟ್ ವಿಡಿಯೊಗಳನ್ನು ಹುಡುಕುತ್ತಿರುತ್ತೇವೆ. ನಾನೂ ಹುಡುಕಿದ್ದೇನೆ. ಆದರೆ ಆ ರಜೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾ ನನ್ನ ಕೈಗೆ ಬಂದ ವೇಗ ಯಾವ ವಿಡಿಯೊದಿಂದಲೂ ಬಂದಿರಲಿಲ್ಲ. ನಿಮ್ಮ ಬೀದಿಯಲ್ಲೂ ‘ಹೋಗದಿಲ್ಲ’ ಎಂದು ಪೆನ್ಸಿಲ್ ಕೆಳಗಿಟ್ಟ ಮಗು ಇರಬಹುದು. ಸಂಜೆ ಅರ್ಧ ಗಂಟೆ ಕೂತು ನೋಡಿ. ‘ಯಾಕೆ’ ಎಂದು ಕೇಳಿದರೆ ಮಾತ್ರ ‘ರೂಲು’ ಅನ್ನಬೇಡಿ.

ರಜೆಯ ಕೊನೆಯ ಸಂಜೆ ಒಂದು ಲೆಕ್ಕ ಮುಗಿಸಿದ ಹುಡುಗಿ ಎಂದಿನಂತೆ ‘ಸರಿನಾಕ್ಕ?’ ಎಂದು ಕೇಳಲಿಲ್ಲ. ಉತ್ತರವನ್ನು ಗುಣಿಸಿ, ಮಿಕ್ಕಿದ್ದನ್ನು ಕೂಡಿಸಿ, ಮೊದಲಿನ ಸಂಖ್ಯೆ ಬಂತೇ ಎಂದು ತಾನೇ ನೋಡಿದಳು. ತಾನೇ ಸರಿ ಗುರುತು ಹಾಕಿಕೊಂಡಳು. ನನ್ನ ಕಡೆ ತಿರುಗಿಯೂ ನೋಡದೆ ಮುಂದಿನ ಲೆಕ್ಕಕ್ಕೆ ಹೋದಳು.