ಮೇಜಿನ ಮೇಲೆ ಬಂಗಾಳ ಕೊಲ್ಲಿಯ ಕದನ

ಊಟದ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದರೆ ಅದೇ ಸಮುದ್ರ. ಅದರ ಮೇಲೆ ಬೆರಳುದ್ದದ ಹಾಯಿಹಡಗುಗಳು ಎರಡು ಸಾಲಾಗಿ ನಿಲ್ಲುತ್ತವೆ. ಮೂಲೆಯಲ್ಲಿಟ್ಟ ಬಾಣವೊಂದು ಗಾಳಿಯ ದಿಕ್ಕು ತೋರಿಸುತ್ತದೆ. ಆಟಗಾರರು ತಮ್ಮ ಹಡಗು ಎತ್ತ ತಿರುಗಬೇಕು, ಎಷ್ಟು ಸಾಗಬೇಕು ಎಂಬುದನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದಿಟ್ಟು ಒಟ್ಟಿಗೇ ಬಿಚ್ಚುತ್ತಾರೆ. ಅಳತೆಪಟ್ಟಿ ಹಿಡಿದು ಹಡಗು ಸರಿಸುತ್ತಾರೆ, ದಾಳ ಉರುಳಿಸಿ ಫಿರಂಗಿ ಹಾರಿಸುತ್ತಾರೆ. ಬ್ರಿಟನ್, ಅಮೆರಿಕಗಳಲ್ಲಿ ದೊಡ್ಡವರೇ ಗಂಭೀರವಾಗಿ ಆಡುವ ಆಟ ಇದು.

ಇದರ ಮೂಲ ಮಕ್ಕಳ ಆಟಿಕೆಯಲ್ಲಿಲ್ಲ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜಾನ್ ಕ್ಲರ್ಕ್ ಎಂಬ ವ್ಯಾಪಾರಿ ಮೇಜಿನ ಮೇಲೆ ಪುಟ್ಟ ಮಾದರಿ ಹಡಗುಗಳನ್ನು ಜೋಡಿಸಿ ನೌಕಾಯುದ್ಧದ ತಂತ್ರಗಳನ್ನು ಲೆಕ್ಕ ಹಾಕುತ್ತಿದ್ದ. ಆತ ನೌಕಾಪಡೆಯಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ. ಆದರೂ 1782ರಲ್ಲಿ ಅವನು ಅಚ್ಚು ಹಾಕಿಸಿದ ಪ್ರಬಂಧವನ್ನು ನೌಕಾಧಿಕಾರಿಗಳು ಓದಿದರು. ಮುಂದೆ ಇದೇ ಹವ್ಯಾಸವಾಯಿತು. 1972ರಲ್ಲಿ ಹಾಯಿಹಡಗುಗಳ ಕದನಕ್ಕೆಂದು ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಮತ್ತು ಮೈಕ್ ಕಾರ್ ಎಂಬ ಅಮೆರಿಕನ್ನರು ಬರೆದ ನಿಯಮಗಳ ಪುಸ್ತಕ ಹೊರಬಂತು. ಇವರಲ್ಲಿ ಮೊದಲ ಇಬ್ಬರೇ ಎರಡು ವರ್ಷಗಳ ಬಳಿಕ ಜಗತ್ಪ್ರಸಿದ್ಧವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ರೂಪಿಸಿದವರು.

ಆದರೆ ಅಚ್ಚಾದ ನಿಯಮವನ್ನು ಅಕ್ಷರಶಃ ಪಾಲಿಸುವ ಮೇಜುಗಳು ಕಡಿಮೆ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಒಂದು ಮನೆಯ ಚೌಕಾಬಾರ ಹೇಳಿದರೆ, ಪಕ್ಕದ ಮನೆಯಲ್ಲಿ ಆ ನಿರ್ಬಂಧವೇ ಇರುವುದಿಲ್ಲ. ಹಡಗಿನ ಆಟದಲ್ಲೂ ಹೀಗೆಯೇ. ಪ್ರತಿ ಬಳಗಕ್ಕೂ ತನ್ನದೇ ‘ಮನೆ ನಿಯಮ’. ಹಡಗುಗಳನ್ನೂ ಕೊಂಡ ಹಾಗೆಯೇ ಬಿಡದೆ ತಿದ್ದುತ್ತಾರೆ. ಈ ತಿದ್ದುಪಡಿ ಬರೀ ಚಪಲವಲ್ಲ ಎಂಬುದಕ್ಕೆ ನಮ್ಮ ಕಡಲಲ್ಲೇ ನಡೆದ ಒಂದು ಯುದ್ಧ ಸಾಕ್ಷಿ.

1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶ ಮಾಡಿದ. ಅಲ್ಲಿಂದ ಮುಂದೆ ಕಡಲಿನಲ್ಲಿ ಹೈದರಾಲಿಗೆ ಫ್ರೆಂಚರೇ ಗತಿ. ಅವರ ನೌಕಾಧಿಪತಿ ಸುಫ್ರೆನ್ ಮತ್ತು ಹ್ಯೂಸ್ ನಡುವೆ 1782-83ರಲ್ಲಿ ಐದು ಕದನಗಳು ನಡೆದವು: ಸದ್ರಾಸ್, ಪ್ರೊವಿಡಿಯನ್, ನಾಗಪಟ್ಟಣ, ಟ್ರಿಂಕೋಮಲಿ, ಕಡಲೂರು. 1782ರ ಜುಲೈನಲ್ಲಿ ಹೈದರಾಲಿ ಸ್ವತಃ ಕಡಲೂರಿನ ಸಮೀಪಕ್ಕೆ ಬಂದು ಸುಫ್ರೆನ್‌ನನ್ನು ಭೇಟಿಯಾದ.

ಈ ಕದನಗಳನ್ನು ಮೇಜಿನ ಮೇಲೆ ಆಡಬೇಕೆಂದರೆ ಮೊದಲ ತೊಡಕು ಬಣ್ಣದ್ದು. ಅಂಗಡಿಯಲ್ಲಿ ಸಿಗುವ ಮಾದರಿಗಳು ಹೆಚ್ಚಾಗಿ ನೆಪೋಲಿಯನ್ ಕಾಲದವು. ಹಳದಿ-ಕಪ್ಪು ಪಟ್ಟೆ, ಫ್ರೆಂಚ್ ಹಡಗಿಗೆ ಮೂರು ಬಣ್ಣದ ಬಾವುಟ. 1782ರಲ್ಲಿ ಫ್ರಾನ್ಸಿನಲ್ಲಿ ರಾಜನೇ ಇದ್ದ, ಹಡಗಿನ ಬಾವುಟ ಅಪ್ಪಟ ಬಿಳಿ. ಇಂಗ್ಲಿಷರ ಬಾವುಟದಲ್ಲೂ ಐರ್ಲೆಂಡಿನ ಕೆಂಪು ಓರೆಪಟ್ಟಿ ಸೇರಿದ್ದು 1801ರಲ್ಲಿ. ಆದ್ದರಿಂದ ಬಾವುಟ ಕಿತ್ತು ಬೇರೆ ಅಂಟಿಸಬೇಕು, ಪಟ್ಟೆ ಅಳಿಸಿ ಮರದ ಬಣ್ಣ ಬಳಿಯಬೇಕು. 1:1200 ಪ್ರಮಾಣದಲ್ಲಿ ನೆಲ್ಸನ್‌ನ ‘ವಿಕ್ಟರಿ’ಯಂಥ ಭಾರಿ ಹಡಗೇ ಆರು ಸೆಂಟಿಮೀಟರ್ ಮೀರುವುದಿಲ್ಲ ಎಂದಮೇಲೆ ಬಾವುಟದ ಅಳತೆ ಊಹಿಸಿಕೊಳ್ಳಬಹುದು! ಹಗ್ಗಗಳಿಗೆ ಸಣ್ಣ ನೂಲು ಅಥವಾ ತಂತಿ. ಗುಂಡೇಟಿಗೆ ಮುರಿಯುವ ಹಾಯಿಕಂಬಗಳನ್ನು ಕಳಚಿ ತೆಗೆಯುವಂತೆ ಮಾಡಿಕೊಳ್ಳುವವರೂ ಉಂಟು. ಇಷ್ಟೆಲ್ಲ ಮಾಡಿದರೂ ಬಣ್ಣದ ವಿವಾದ ಮುಗಿಯುವುದಿಲ್ಲ. ಪೋರ್ಟ್ಸ್‌ಮತ್‌ನಲ್ಲಿ ಕಾಪಾಡಿಟ್ಟಿರುವ ‘ವಿಕ್ಟರಿ’ಗೇ 2015ರಲ್ಲಿ, ಹಳೆಯ ಬಣ್ಣದ ಪದರಗಳನ್ನು ಪರೀಕ್ಷಿಸಿದ ನಂತರ, ಗಾಢ ಹಳದಿಯ ಬದಲು ಗುಲಾಬಿ ಛಾಯೆಯ ತೆಳು ಬಣ್ಣ ಹಚ್ಚಲಾಯಿತು. ಅದುವರೆಗೆ ಮಾದರಿಗಳಿಗೆ ಹಳದಿ ಬಳಿದವರ ಪಾಡು ಏನಾಗಿರಬೇಡ.

ಗಾಳಿಯ ನಿಯಮ ಎಲ್ಲ ಪುಸ್ತಕಗಳಲ್ಲೂ ಇದೆ. ಅಡ್ಡಹಾಯಿಯ ಹಡಗು ಗಾಳಿ ಬರುವ ದಿಕ್ಕಿಗೆ ಸುಮಾರು 67 ಡಿಗ್ರಿಗಿಂತ ಹತ್ತಿರ ಮುಖ ಮಾಡಿ ಮುಂದೆ ಹೋಗಲಾರದು. ಗಾಳಿ ಬೆನ್ನಿಗಿರುವ ಪಡೆಗೆ ಕದನ ಯಾವಾಗ ಎಂದು ನಿರ್ಧರಿಸುವ ಅನುಕೂಲವಿರುತ್ತದೆ. ಕೆಲವು ಬಳಗಗಳು ಗಾಳಿ ದಿಢೀರನೆ ತಿರುಗುವ ಸಾಧ್ಯತೆಯನ್ನೂ ದಾಳಕ್ಕೆ ಸೇರಿಸುತ್ತವೆ. ನಾಗಪಟ್ಟಣದ ಕದನದಲ್ಲಿ (6 ಜುಲೈ 1782) ಆದದ್ದು ಇದೇ. ಗಾಳಿ ಹಠಾತ್ತನೆ ದಿಕ್ಕು ಬದಲಿಸಿ ಎರಡೂ ಸಾಲುಗಳು ಚೆಲ್ಲಾಪಿಲ್ಲಿಯಾದವು.

ದೊಡ್ಡ ತೊಡಕು ಇನ್ನೊಂದು. ಮೇಜಿನ ಮೇಲೆ ಹಡಗು ಆಟಗಾರನ ಬೆರಳು ಹೇಳಿದಂತೆ ಕೇಳುತ್ತದೆ. ಸುಫ್ರೆನ್‌ಗೆ ಆ ಭಾಗ್ಯವಿರಲಿಲ್ಲ. ಸದ್ರಾಸಿನಲ್ಲಿ (17 ಫೆಬ್ರವರಿ 1782) ಹ್ಯೂಸ್‌ನ ಸಾಲಿನ ಹಿಂಭಾಗದ ಮೇಲೆ ಎರಗುವುದು ಅವನ ಯೋಜನೆ. ಅವನ ಹಡಗುಗಳು ಹನ್ನೊಂದು, ಹ್ಯೂಸ್‌ನವು ಒಂಬತ್ತು. ಆದರೆ ಅವನದೇ ಸಾಲಿನ ಹಲವು ಕಪ್ತಾನರು ದೂರದಲ್ಲೇ ಉಳಿದರು. ಅದು ಅಸಹಕಾರವೋ, ಸಂಕೇತದ ಬಾವುಟ ಅರ್ಥವಾಗದ್ದೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಕೆಲವು ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸಿತ್ತು, ಕೆಲವಕ್ಕಿರಲಿಲ್ಲ. ಹಾಗಾಗಿ ವೇಗವೂ ಒಂದೇ ಆಗಿರಲಿಲ್ಲ. ಕೊನೆಗೆ ಸುಫ್ರೆನ್ ಹಲವು ಕಪ್ತಾನರನ್ನು ಕಿತ್ತೊಗೆದ.

ಇದನ್ನು ಬಿಟ್ಟು ಬರೀ ಫಿರಂಗಿ ಎಣಿಸಿ ಆಡಿದರೆ ಸುಫ್ರೆನ್ ಸಲೀಸಾಗಿ ಗೆಲ್ಲುತ್ತಾನೆ. ಆ ಗೆಲುವಿನಲ್ಲಿ ಇತಿಹಾಸವಿಲ್ಲ. ಅದಕ್ಕೆಂದೇ ಬಂದದ್ದು ಆಜ್ಞೆಯ ನಿಯಮ: ನೌಕಾಧಿಪತಿ ಸಂಕೇತ ಕೊಟ್ಟಾಗ ಪ್ರತಿ ಕಪ್ತಾನನಿಗೂ ಒಂದು ದಾಳ. ಇಂತಿಷ್ಟು ಬಿದ್ದರೆ ಮಾತು ಕೇಳುತ್ತಾನೆ, ಕಡಿಮೆ ಬಿದ್ದರೆ ಹಡಗು ಇದ್ದ ದಾರಿಯಲ್ಲೇ ಸಾಗುತ್ತದೆ. ಯಾರಿಗೆ ಎಷ್ಟು ಎಂಬುದರ ಮೇಲೆ ಆಟಗಾರರ ನಡುವೆ ಜಗಳವಾಗುವುದು ಸಹಜ. ತೀರಿಹೋದ ಕಪ್ತಾನನ ನಡತೆಗೆ ಅಂಕ ಕೊಡುವ ಕೆಲಸ ಅದು.

ನಾಗಪಟ್ಟಣದಲ್ಲಿ ‘ಸೆವೆರ್’ ಎಂಬ ಫ್ರೆಂಚ್ ಹಡಗಿನ ಕಪ್ತಾನ ಸೋಲೊಪ್ಪಿ ಬಾವುಟ ಇಳಿಸಲು ಆಜ್ಞಾಪಿಸಿದ. ಅವನ ಕೈಕೆಳಗಿನ ಅಧಿಕಾರಿಗಳು ಅದನ್ನು ಮತ್ತೆ ಏರಿಸಿ ಗುಂಡು ಹಾರಿಸತೊಡಗಿದರು. ಇಂಥದಕ್ಕೆ ಯಾವ ದಾಳ? ಐದು ಕದನಗಳಲ್ಲಿ ಯಾವ ಪಕ್ಷದ ಒಂದು ಯುದ್ಧನೌಕೆಯೂ ಶತ್ರುವಿನ ಕೈಗೆ ಸಿಗಲಿಲ್ಲ. ಆದ್ದರಿಂದ ಹಡಗು ಮುಳುಗಿಸಿದ್ದಕ್ಕೆ ಅಂಕ ಕೊಡುವ ಲೆಕ್ಕ ಇಲ್ಲಿ ನಡೆಯದು. ಜಜ್ಜಿದ ಹಡಗುಗಳನ್ನು ಕಟ್ಟಿಕೊಂಡು ಯಾರು ಕರಾವಳಿಯಲ್ಲಿ ಉಳಿದರು, ಯಾರು ಹಿಮ್ಮೆಟ್ಟಿದರು ಎಂಬುದನ್ನೇ ಎಣಿಸಬೇಕು.

ಕೊನೆಯ ಕದನದಲ್ಲಿ ಹಿಮ್ಮೆಟ್ಟಿದವನು ಹ್ಯೂಸ್. ಅವನ ಹಡಗುಗಳು ಹದಿನೆಂಟು, ಸುಫ್ರೆನ್‌ನವು ಹದಿನೈದು. ಹ್ಯೂಸ್ ಮದರಾಸಿಗೆ ಮರಳಿದ್ದರಿಂದ ಕಡಲೂರಿನಲ್ಲಿ ಸಿಕ್ಕಿಬಿದ್ದಿದ್ದ ಫ್ರೆಂಚ್ ಸೈನ್ಯ ಉಳಿಯಿತು. ಹೈದರಾಲಿ ಆ ವೇಳೆಗೆ ತೀರಿಕೊಂಡು ಆರು ತಿಂಗಳಾಗಿತ್ತು. ಕದನ ನಡೆದದ್ದು 1783ರ ಜೂನ್ 20ರಂದು. ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಶಾಂತಿಯ ಪೂರ್ವಭಾವಿ ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ವರ್ಷದ ಜನವರಿ 20ರಂದು. ಆ ಸುದ್ದಿ ಕಡಲೂರಿಗೆ ತಲುಪಿದ್ದು ಕದನ ಮುಗಿದ ಮೇಲೆ.